ಪೇತ್ರನ ಹೆಸರಿನ ಸುವಾರ್ತೆ: ರೋಸ್ಸೊಸ್ ಸಭೆಯ ತಕರಾರು, ಬಿಷಪ್ ಸೆರಾಪಿಯೋನನ ಎರಡು ತೀರ್ಮಾನ

ಕ್ರಿ.ಶ. 200ರ ಆಸುಪಾಸು. ಸಿರಿಯಾದ ಕಡಲ ತೀರದ ರೋಸ್ಸೊಸ್ ಎಂಬ ಊರಿನ ಕ್ರೈಸ್ತ ಸಭೆಯಲ್ಲಿ ಒಂದು ಪುಸ್ತಕದ ಬಗ್ಗೆ ತಕರಾರು ಎದ್ದಿತ್ತು. ಪುಸ್ತಕದ ಹೆಸರು ಪೇತ್ರನ ಸುವಾರ್ತೆ, ಅಂದರೆ ಯೇಸುವಿನ ಶಿಷ್ಯ ಪೇತ್ರನ ಹೆಸರಿನಲ್ಲಿದ್ದ ಯೇಸುವಿನ ಕಥನ. ಓದಬೇಕೆನ್ನುವವರು ಕೆಲವರು, ಕೂಡದೆನ್ನುವವರು ಕೆಲವರು. ಅಂತಿಯೋಕ್ಯದ ಬಿಷಪ್ ಸೆರಾಪಿಯೋನ್ ಆ ಊರಿಗೆ ಬಂದಾಗ ವಿಷಯ ಅವನ ಮುಂದೆ ಬಂತು. ಮೊದಲು ಅವನು ಓದಿಕೊಳ್ಳಲಿ ಎಂದ. ಸ್ವಲ್ಪ ಕಾಲದ ಮೇಲೆ ಬೇಡ ಎಂದು ಪತ್ರ ಬರೆದ. ಮನಸ್ಸು ಬದಲಾಯಿಸಿದ್ದು ಏಕೆಂದು ಅದೇ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ. ನೂರು ವರ್ಷದ ಮೇಲೆ ಇತಿಹಾಸಕಾರ ಯುಸೇಬಿಯಸ್ ಆ ಪತ್ರದ ಒಂದು ಭಾಗವನ್ನು ತನ್ನ ಸಭಾ ಇತಿಹಾಸದ 6ನೇ ಸಂಪುಟದಲ್ಲಿ ನಕಲು ಮಾಡಿಟ್ಟಿದ್ದರಿಂದ ಅದು ನಮ್ಮವರೆಗೆ ಬಂದಿದೆ.

ಬೈಬಲಿನ ಕ್ರೈಸ್ತ ಭಾಗವಾದ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಆರಿಸಿದವರು ಯಾರು ಎಂದು ಕೇಳಿದರೆ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. 325ರಲ್ಲಿ ನಿಕೇಯದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್‌ಗಳನ್ನು ಕೂರಿಸಿಕೊಂಡು ಬೇಡದ್ದನ್ನೆಲ್ಲ ಕಿತ್ತುಹಾಕಿಸಿದ ಎಂಬುದು ಒಂದು. ಅಪೊಸ್ತಲರ, ಅಂದರೆ ಯೇಸುವನ್ನು ಸಾರಿದ ಮೊದಲ ದೂತರ, ಕಾಲದಿಂದಲೂ ಪಟ್ಟಿ ಹೀಗೆಯೇ ಇತ್ತು ಎಂಬುದು ಇನ್ನೊಂದು. ಎರಡೂ ತಪ್ಪು. ನಿಕೇಯ ಮಹಾಸಭೆ ಹೊರಡಿಸಿದ 20 ನಿಯಮಗಳಲ್ಲಿ ಪುಸ್ತಕಗಳ ಪಟ್ಟಿಯ ಮಾತೇ ಇಲ್ಲ. ಪುಸ್ತಕಗಳನ್ನೆಲ್ಲ ಬಲಿಪೀಠದ ಬಳಿ ಇಟ್ಟು ಪ್ರಾರ್ಥಿಸಿದಾಗ ಸುಳ್ಳು ಪುಸ್ತಕಗಳು ತಾವಾಗಿ ಕೆಳಗೆ ಕಂಡವು ಎಂಬ ಕಥೆ ಸಿಗುವುದು 9ನೇ ಶತಮಾನದ ಒಂದು ಗ್ರೀಕ್ ಸಂಗ್ರಹದಲ್ಲಿ. ಅದನ್ನು ಯುರೋಪಿನಲ್ಲೆಲ್ಲ ಹರಡಿದವನು 18ನೇ ಶತಮಾನದ ವೊಲ್ಟೇರ್. ನಿಜವಾದ ತೀರ್ಮಾನಗಳು ಊರೂರಿನ ಸಭೆಗಳಲ್ಲಿ, ಜನರ ನಡುವಿನ ಮನಸ್ತಾಪಗಳಲ್ಲಿ, ಪತ್ರಗಳ ಓಡಾಟದಲ್ಲಿ ಆದವು. ಅವುಗಳಲ್ಲಿ ಬಹುಪಾಲಿಗೆ ದಾಖಲೆಯೇ ಇಲ್ಲ. ರೋಸ್ಸೊಸ್‌ನದಕ್ಕೆ ಇದೆ. ಅದಕ್ಕೇ ಇದನ್ನು ಎಳೆ ಎಳೆಯಾಗಿ ನೋಡಬೇಕು ಅನ್ನಿಸುತ್ತದೆ.

ಪಟ್ಟಿ ಇಲ್ಲದ ಕಾಲ

ಆಗ ಧರ್ಮಗ್ರಂಥವೆಂದರೆ ಸಭೆಯಲ್ಲಿ ಗಟ್ಟಿಯಾಗಿ ಓದುವ ಪುಸ್ತಕ. ಹೆಚ್ಚಿನವರಿಗೆ ಓದು ಬಾರದು. ಕೈಬರಹದ ಪ್ರತಿ ಮಾಡಿಸುವ ಖರ್ಚು ಎಲ್ಲರಿಗೂ ಎಟುಕುವಂಥದ್ದಲ್ಲ. ಜನ ವಾಕ್ಯವನ್ನು ಕಿವಿಯಿಂದಲೇ ಬಲ್ಲವರು. 150ರ ದಶಕದಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಬೋಧಕ ಜಸ್ಟಿನ್ ಭಾನುವಾರದ ಕೂಟವನ್ನು ಬಣ್ಣಿಸುತ್ತಾನೆ: ಎಲ್ಲರೂ ಒಂದೆಡೆ ಸೇರುತ್ತಾರೆ, ಅಪೊಸ್ತಲರ ನೆನಪಿನ ಬರಹಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಹೊತ್ತು ಓದುತ್ತಾರೆ, ಆಮೇಲೆ ಸಭಾನಾಯಕ ಬೋಧಿಸುತ್ತಾನೆ. ಹಾಗಾಗಿ ಯಾವುದು ಧರ್ಮಗ್ರಂಥ ಎಂಬ ಪ್ರಶ್ನೆ ಬರುವ ಭಾನುವಾರ ಯಾವ ಪುಸ್ತಕ ತೆರೆಯಬೇಕು ಎಂಬ ರೂಪದಲ್ಲೇ ಏಳುತ್ತಿತ್ತು.

ಆ ಪ್ರಶ್ನೆಗೆ ಊರಿಗೊಂದು ಉತ್ತರ. ಕೊರಿಂಥದ ಬಿಷಪ್ ದಿಯೊನೀಸಿಯಸ್ ಸುಮಾರು 170ರಲ್ಲಿ ರೋಮಿಗೆ ಬರೆದ ಪತ್ರದಲ್ಲಿ, ರೋಮಿನ ಕ್ಲೆಮೆಂಟ್ ಹಿಂದೆಂದೋ ಕಳಿಸಿದ್ದ ಪತ್ರವನ್ನು ತಮ್ಮಲ್ಲಿ ಇನ್ನೂ ಓದುತ್ತೇವೆ ಎನ್ನುತ್ತಾನೆ. ಅದೇ ದಿಯೊನೀಸಿಯಸ್ ತನ್ನ ಸ್ವಂತ ಪತ್ರಗಳಿಗೇ ಯಾರೋ ಕೈಹಾಕಿ ಕೆಲವನ್ನು ತೆಗೆದಿದ್ದಾರೆ, ಕೆಲವನ್ನು ಸೇರಿಸಿದ್ದಾರೆ ಎಂದು ನೊಂದುಕೊಂಡಿದ್ದೂ ಇದೆ. ಬದುಕಿರುವ ಬಿಷಪ್ಪನ ಪತ್ರಕ್ಕೇ ಈ ಗತಿ ಎಂದಮೇಲೆ ನೂರು ವರ್ಷದ ಹಿಂದಿನ ಅಪೊಸ್ತಲನ ಹೆಸರಿಗೆ ಕಾವಲು ಎಲ್ಲಿಂದ ಬರಬೇಕು?

ಹೊರಗಿನ ಒತ್ತಡಗಳೂ ಇದ್ದವು. 144ರ ಸುಮಾರಿಗೆ ರೋಮಿನ ಸಭೆಯಿಂದ ಹೊರಬಿದ್ದ ಮಾರ್ಸಿಯೋನ್ ಲೂಕನ ಸುವಾರ್ತೆಯ ಕತ್ತರಿಸಿದ ರೂಪವನ್ನೂ ಅಪೊಸ್ತಲ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಇಟ್ಟುಕೊಂಡು ತನ್ನದೇ ಸಭೆಗಳನ್ನು ಕಟ್ಟಿದ. ತಾಸಿಯನ್ ಎಂಬ ಸಿರಿಯಾದ ವಿದ್ವಾಂಸ ಮತ್ತಾಯ, ಮಾರ್ಕ, ಲೂಕ, ಯೋಹಾನರ ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದೇ ಕಥನ ಮಾಡಿದ. ಫ್ರಿಜಿಯಾ ಸೀಮೆಯಲ್ಲಿ ಮೊಂಟಾನಸ್ ಮತ್ತು ಅವನ ಜೊತೆಗಿದ್ದ ಇಬ್ಬರು ಪ್ರವಾದಿನಿಯರು ದೇವರಾತ್ಮ ತಮ್ಮ ಬಾಯಲ್ಲಿ ಈಗಲೂ ಮಾತಾಡುತ್ತಿದೆ ಎಂದು ಸಾರುತ್ತಿದ್ದರು. ಇದಕ್ಕೆಲ್ಲ ಎದುರಾಗಿ ಲಿಯೋನಿನ ಬಿಷಪ್ ಇರೆನೇಯಸ್ ಸುಮಾರು 180ರಲ್ಲಿ, ದಿಕ್ಕುಗಳು ನಾಲ್ಕು, ಗಾಳಿಗಳು ನಾಲ್ಕು, ಸುವಾರ್ತೆಗಳೂ ನಾಲ್ಕೇ ಎಂದು ಗಟ್ಟಿಯಾಗಿ ಹೇಳಿದ. ಅಷ್ಟು ಒತ್ತಿ ಹೇಳಬೇಕಾಗಿ ಬಂದಿತ್ತು ಎಂಬುದರಲ್ಲೇ ಆ ಮಾತಿಗೆ ಇನ್ನೂ ಎಲ್ಲರ ಒಪ್ಪಿಗೆ ಇರಲಿಲ್ಲ ಎಂಬ ಸುಳಿವಿದೆ.

ಮೊದಲ ತೀರ್ಮಾನ: ಓದಿಕೊಳ್ಳಲಿ

ಸೆರಾಪಿಯೋನ್ 190ರ ಸುಮಾರಿಗೆ ಅಂತಿಯೋಕ್ಯದ ಬಿಷಪ್ ಆದವನು. 2023ರ ಭೂಕಂಪದಲ್ಲಿ ನೆಲಕಚ್ಚಿದ ಟರ್ಕಿಯ ಅಂತಾಕ್ಯಾ ನಗರವೇ ಆ ಅಂತಿಯೋಕ್ಯ. ಆಗ ಅದು ರೋಮ್ ಸಾಮ್ರಾಜ್ಯದ ದೊಡ್ಡ ನಗರಗಳಲ್ಲಿ ಒಂದು, ಯೇಸುವಿನ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದ ಜಾಗ. ರೋಸ್ಸೊಸ್, ಅಂದರೆ ಇಂದಿನ ಅರ್ಸುಜ್, ಅಮಾನಸ್ ಬೆಟ್ಟಸಾಲಿನ ಬುಡದಲ್ಲಿ ಕೊಲ್ಲಿಯ ದಡದಲ್ಲಿದೆ. ಅಲ್ಲಿನ ಸಭೆಯೂ ಸೆರಾಪಿಯೋನನ ಕಣ್ಗಾವಲಿಗೆ ಸೇರಿದ್ದು.

ಪತ್ರದಲ್ಲಿ ಅವನು ತನ್ನ ಮೊದಲ ಭೇಟಿಯನ್ನು ನೆನೆಯುವ ರೀತಿ ಹೀಗಿದೆ: “ನಾನು ನಿಮ್ಮಲ್ಲಿಗೆ ಬಂದಾಗ ನೀವೆಲ್ಲರೂ ಸರಿಯಾದ ನಂಬಿಕೆಯಲ್ಲೇ ಇದ್ದೀರಿ ಅಂದುಕೊಂಡಿದ್ದೆ. ಅವರು ಪೇತ್ರನ ಹೆಸರಿನಲ್ಲಿ ಮುಂದಿಟ್ಟ ಸುವಾರ್ತೆಯನ್ನು ಓದಿ ನೋಡದೆ, ನಿಮ್ಮಲ್ಲಿ ಮನಸ್ತಾಪ ತಂದಿರುವುದು ಇದೊಂದೇ ಆದರೆ ಓದಿಕೊಳ್ಳಲಿ ಎಂದೆ.”

ಈ ಎರಡು ವಾಕ್ಯ ಬಹಳ ಹೇಳುತ್ತವೆ. ನಾಲ್ಕು ಬಿಟ್ಟು ಐದನೆಯದು ಸಲ್ಲದು ಎಂಬ ನಿಯಮ ಕೈಯಲ್ಲಿದ್ದಿದ್ದರೆ ಸೆರಾಪಿಯೋನ್ ಪುಸ್ತಕವನ್ನು ತೆರೆದೂ ನೋಡದೆ ತಳ್ಳಿಹಾಕಬಹುದಿತ್ತು. ಅವನು ತೆರೆದೂ ನೋಡದೆ ಒಪ್ಪಿದ. ಅವನಿಗೆ ಆ ಹೊತ್ತಿಗೆ ಮುಖ್ಯವಾಗಿದ್ದದ್ದು ಸಭೆಯ ಒಗ್ಗಟ್ಟು. ಪೇತ್ರನ ಹೆಸರು ಹೊತ್ತ ಪುಸ್ತಕ, ನಂಬಿಕೆಯುಳ್ಳ ಜನ, ಜಗಳ ಬೇಡ. ಅಷ್ಟೇ.

ಇನ್ನೊಂದು ಸಂಗತಿಯೂ ಇದೆ. ಪೇತ್ರ ಅಂತಿಯೋಕ್ಯಕ್ಕೆ ಹೊರಗಿನವನಲ್ಲ. ಆ ಊರಿನಲ್ಲಿ ಅವನು ಇದ್ದದ್ದನ್ನು, ಅಲ್ಲಿ ಪೌಲನೇ ಅವನನ್ನು ಎದುರಾಎದುರು ಆಕ್ಷೇಪಿಸಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರ ಹೇಳುತ್ತದೆ. ತಮ್ಮ ಬಿಷಪ್‌ಗಳ ಸಾಲನ್ನು ಪೇತ್ರನಿಂದಲೇ ಎಣಿಸುವ ರೂಢಿಯೂ ಅಂತಿಯೋಕ್ಯದವರಲ್ಲಿ ಬೆಳೆಯಿತು. ಹೀಗಿರುವಾಗ ಪೇತ್ರನೇ ಬರೆದ ಸುವಾರ್ತೆಯೊಂದಿದೆ ಎಂದರೆ ಅದರಿಂದ ಹೆಚ್ಚಿನ ಗೌರವ ಬರುವುದು ಅಂತಿಯೋಕ್ಯಕ್ಕೇ. ಅದನ್ನು ಎತ್ತಿ ಹಿಡಿಯಲು ಸೆರಾಪಿಯೋನನಿಗೆ ಎಲ್ಲ ಕಾರಣವೂ ಇತ್ತು. ಕೊನೆಗೆ ಅವನು ಬೇಡ ಎಂದದ್ದಕ್ಕೆ ತೂಕ ಬರುವುದು ಇದರಿಂದ.

ಎರಡನೆಯ ತೀರ್ಮಾನ: ನಮಗೆ ದಾಟಿ ಬಂದದ್ದಲ್ಲ

ಅವನು ಹಿಂದಿರುಗಿದ ಮೇಲೆ ದೂರುಗಳು ಬಂದವು. ಪುಸ್ತಕವನ್ನು ಮುಂದಿಟ್ಟವರ ಮನಸ್ಸು ಯಾವುದೋ ಪಾಷಂಡ, ಅಂದರೆ ಸಭೆಯ ನಂಬಿಕೆಗೆ ವಿರುದ್ಧವಾದ, ಬೋಧನೆಯ ಬಿಲದಲ್ಲಿ ಅಡಗಿತ್ತೆಂದು ಈಗ ತಿಳಿಯಿತು ಎನ್ನುತ್ತಾನೆ ಸೆರಾಪಿಯೋನ್. ಮಾರ್ಸಿಯಾನಸ್ ಎಂಬ ಮುಂದಾಳಿನ ಹೆಸರನ್ನೂ ಎತ್ತುತ್ತಾನೆ. ತಾನು ಹೇಳುವುದು ತನಗೇ ತಿಳಿಯದೆ ತನ್ನ ಮಾತಿಗೆ ತಾನೇ ಅಡ್ಡ ಮಾತಾಡುವವನು ಎಂಬುದು ಅವನ ಬಗ್ಗೆ ಇವನ ದೂರು.

ಆಮೇಲೆ ಮಾಡಿದ ಕೆಲಸ ನನಗೆ ಈ ಇಡೀ ಪ್ರಕರಣದ ತಿರುಳೆನಿಸುತ್ತದೆ. ದೂರು ಕೇಳಿದೊಡನೆ ನಿಷೇಧ ಬರೆದು ಕಳಿಸಲಿಲ್ಲ. ಪುಸ್ತಕ ತರಿಸಿಕೊಂಡ. ಅದನ್ನು ಕೊಟ್ಟವರು ಆ ಪುಸ್ತಕವನ್ನೇ ಅಭ್ಯಾಸ ಮಾಡುತ್ತಿದ್ದವರು, ಅದನ್ನು ಮೊದಲು ಚಾಲ್ತಿಗೆ ತಂದವರ ಉತ್ತರಾಧಿಕಾರಿಗಳು. ಅವರನ್ನು ಅವನು ದೊಸೆತಿಗಳು ಎಂದು ಕರೆಯುತ್ತಾನೆ. ಯೇಸು ನಿಜವಾದ ಮೈ ಹೊತ್ತು ಬಂದವನಲ್ಲ, ಕಾಣಿಸಿದ್ದು ಬರೀ ತೋರಿಕೆ, ಆದ್ದರಿಂದ ಶಿಲುಬೆಯ ನೋವೂ ತೋರಿಕೆ ಎನ್ನುವ ಪಂಗಡ ಅದು. ಅಂತಿಯೋಕ್ಯಕ್ಕೆ ಈ ವಾದದ ಪರಿಚಯ ಹಳೆಯದು. ಸೆರಾಪಿಯೋನನಿಗಿಂತ ಎಷ್ಟೋ ವರ್ಷ ಮೊದಲು ಅಲ್ಲಿನ ಬಿಷಪ್ ಆಗಿದ್ದ ಇಗ್ನಾಸಿಯಸ್, ರೋಮಿನಲ್ಲಿ ಕಾಡುಮೃಗಗಳಿಗೆ ಬಲಿಯಾಗಲು ಹೋಗುವ ದಾರಿಯಲ್ಲಿ ಬರೆದ ಪತ್ರಗಳಲ್ಲಿ ಇದನ್ನೇ ಎದುರಿಸಿದ್ದ. ಕರ್ತ ಪಟ್ಟದ್ದು ತೋರಿಕೆಯ ನೋವಾದರೆ ತನ್ನ ಕೈಗೇಕೆ ಈ ಬೇಡಿ ಎಂಬುದು ಅವನ ಪ್ರಶ್ನೆಯಾಗಿತ್ತು.

ಪುಸ್ತಕ ಪೂರ್ತಿ ಓದಿದ ಮೇಲೆ ಸೆರಾಪಿಯೋನ್ ಕೊಟ್ಟ ವರದಿ ಪ್ರಾಮಾಣಿಕವಾಗಿದೆ. ಹೆಚ್ಚಿನ ಭಾಗ ರಕ್ಷಕನ ಸರಿಯಾದ ಬೋಧನೆಗೆ ಒಪ್ಪುವಂತೆಯೇ ಇದೆ, ಕೆಲವು ಮಾತ್ರ ಹೆಚ್ಚಿಗೆ ಸೇರಿವೆ, ಅವುಗಳನ್ನು ಕೆಳಗೆ ಪಟ್ಟಿ ಮಾಡಿದ್ದೇನೆ ಎನ್ನುತ್ತಾನೆ. ಯುಸೇಬಿಯಸ್ ನಕಲನ್ನು ಅಲ್ಲಿಗೇ ನಿಲ್ಲಿಸಿಬಿಟ್ಟ. ಆ ಪಟ್ಟಿ ಉಳಿಯಲಿಲ್ಲ. ಆದಿ ಕ್ರೈಸ್ತ ಬರಹಗಳಲ್ಲಿ ಒಂದು ಹಾಳೆ ಮರಳಿ ಸಿಗುವುದಾದರೆ ನಾನು ಬೇಡಿಕೊಳ್ಳುವುದು ಅದನ್ನೇ.

ಹೆಚ್ಚಿನದು ಸರಿಯಿದ್ದ ಮೇಲೂ ತಳ್ಳಿದ್ದೇಕೆ? ಅದಕ್ಕೆ ಕಾರಣವನ್ನು ಅವನು ಬೇರೆ ಮಾತಿನಲ್ಲಿ ಕೊಡುತ್ತಾನೆ: “ಸಹೋದರರೇ, ನಾವು ಪೇತ್ರನನ್ನೂ ಉಳಿದ ಅಪೊಸ್ತಲರನ್ನೂ ಕ್ರಿಸ್ತನನ್ನು ಸ್ವೀಕರಿಸುವಂತೆಯೇ ಸ್ವೀಕರಿಸುತ್ತೇವೆ. ಆದರೆ ಅವರ ಹೆಸರನ್ನು ಸುಳ್ಳಾಗಿ ಹೊತ್ತ ಬರಹಗಳನ್ನು ಬಲ್ಲವರಾಗಿ ತಳ್ಳಿಹಾಕುತ್ತೇವೆ. ಅಂಥವು ನಮಗೆ ದಾಟಿ ಬಂದಿಲ್ಲವೆಂದು ನಮಗೆ ಗೊತ್ತಿದೆ.”

ದಾಟಿ ಬಂದಿಲ್ಲ. ಹಿಂದಿನ ತಲೆಮಾರು ಈ ತಲೆಮಾರಿನ ಕೈಗೆ ಇಟ್ಟದ್ದರಲ್ಲಿ ಇದು ಇರಲಿಲ್ಲ. ಹೆಸರಿನಿಂದ ಪುಸ್ತಕಕ್ಕೆ ಅಧಿಕಾರ ಬರುವುದಿಲ್ಲ, ಸಭೆಗಳ ನೆನಪಿನಿಂದ ಆ ಹೆಸರಿಗೇ ಸಾಕ್ಷಿ ಬೇಕು ಎಂಬ ನಿಲುವು ಇದು.

ಇದಕ್ಕೆ ಎದುರಾಗಿ ಹೇಳಬಹುದಾದದ್ದೂ ಇದೆ, ಅದು ಹಗುರವಾದ ಆಕ್ಷೇಪವಲ್ಲ. ರೋಸ್ಸೊಸ್‌ನವರ ಕೈಯಲ್ಲಿ ಆ ಪುಸ್ತಕ ಇತ್ತಲ್ಲ. ಅವರಿಗೂ ಅದು ಯಾರಿಂದಲೋ ಬಂದದ್ದೇ. ನಮಗೆ ಎಂದಾಗ ಯಾರಿಗೆ? ಸೆರಾಪಿಯೋನನ ಮನಸ್ಸಿನಲ್ಲಿದ್ದದ್ದು ಅಂತಿಯೋಕ್ಯ, ರೋಮ್, ಕೊರಿಂಥದಂಥ ಸಭೆಗಳು. ಒಂದಕ್ಕೊಂದು ಪತ್ರ ಬರೆದುಕೊಂಡು, ಬಿಷಪ್‌ಗಳ ಸಾಲು ಇಟ್ಟುಕೊಂಡಿದ್ದ ಸಭೆಗಳು. ಹಾಗಾಗಿ ದೊಡ್ಡ ಊರುಗಳ ನೆನಪು ಸಣ್ಣ ಊರಿನ ರೂಢಿಯ ಮೇಲೆ ಗೆದ್ದಿತು. ಆದರೂ ಆ ಹಾದಿಯಲ್ಲಿ ಒಂದು ದೊಡ್ಡ ಗುಣವಿತ್ತು ಎಂದೇ ನನ್ನ ಎಣಿಕೆ. ಒಬ್ಬ ಬಿಷಪ್ಪನ ಇಷ್ಟಾನಿಷ್ಟಕ್ಕಿಂತ ಹಲವು ಊರುಗಳ ಸಾಕ್ಷಿ ಮೇಲು, ಏಕೆಂದರೆ ಹಲವು ಊರುಗಳಲ್ಲಿ ಒಂದೇ ಸುಳ್ಳನ್ನು ನೆಡುವುದು ಕಷ್ಟ.

ಅದೇ ಕಾಲದ ಇನ್ನೊಂದು ಘಟನೆಯನ್ನು ಕಾರ್ಥೇಜಿನ ಕ್ರೈಸ್ತ ಬರಹಗಾರ ತೆರ್ತುಲ್ಲಿಯನ್ ಹೇಳಿದ್ದಾನೆ. ಏಷ್ಯಾ ಪ್ರಾಂತದ ಒಬ್ಬ ಸಭಾಹಿರಿಯ ಪೌಲನ ಹೆಸರಿನಲ್ಲಿ ಕಥನವೊಂದನ್ನು ತಾನೇ ಬರೆದು ಸಿಕ್ಕಿಬಿದ್ದ. ಪೌಲನ ಮೇಲಿನ ಪ್ರೀತಿಯಿಂದ ಬರೆದೆ ಎಂದು ಒಪ್ಪಿಕೊಂಡ. ಅವನನ್ನು ಹುದ್ದೆಯಿಂದ ಇಳಿಸಿದರು. ಪ್ರೀತಿಯಿಂದ ಬರೆದರೂ ಸುಳ್ಳು ಹೆಸರು ಸುಳ್ಳೇ ಎಂಬ ಕಟ್ಟುನಿಟ್ಟು ಆಗಲೇ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಪುಸ್ತಕದಲ್ಲಿ ಇದ್ದದ್ದೇನು

1886-87ರ ಚಳಿಗಾಲದಲ್ಲಿ ಮೇಲಣ ಈಜಿಪ್ಟಿನ ಅಖ್ಮೀಮ್ ಎಂಬಲ್ಲಿ ಫ್ರೆಂಚ್ ಉತ್ಖನನಕಾರರಿಗೆ ಗೋರಿಯೊಂದರಲ್ಲಿ ಚರ್ಮದ ಹಾಳೆಗಳ ಸಣ್ಣ ಹೊತ್ತಗೆ ಸಿಕ್ಕಿತು. ಅದರ ಮೊದಲ ಬರಹ ಶಿಲುಬೆಯ ಮರಣದ ಒಂದು ಕಥನ. ತಲೆಬರಹವಿಲ್ಲ, ಆರಂಭವಿಲ್ಲ, ಕೊನೆಯೂ ಇಲ್ಲ. ಆದರೆ ಕಥೆ ಹೇಳುವವನು ಉಳಿದ ಭಾಗದ ಕೊನೆಯಲ್ಲಿ “ನಾನು, ಸೀಮೋನ್ ಪೇತ್ರ” ಎನ್ನುತ್ತಾನೆ. 1892ರಲ್ಲಿ ಉರ್ಬೆನ್ ಬೂರಿಯಾನ್ ಅದನ್ನು ಪ್ರಕಟಿಸಿದಾಗ ಸೆರಾಪಿಯೋನ್ ಓದಿದ ಪುಸ್ತಕದ ಭಾಗ ಇದೇ ಎಂದು ವಿದ್ವಾಂಸರು ಗುರುತಿಸಿದರು. ಪ್ರತಿ ಆದದ್ದು ಸೆರಾಪಿಯೋನನಿಗಿಂತ ಹಲವು ಶತಮಾನ ಈಚೆಗೆ. ಹಾಗಾಗಿ ಅವನು ಓದಿದ ಪ್ರತಿ ಅಕ್ಷರಶಃ ಹೀಗೆಯೇ ಇತ್ತೆಂದು ಹಿಡಿಯಬಾರದು.

ಓದಿದರೆ ಅದರ ಸೆಳೆತ ಅರ್ಥವಾಗುತ್ತದೆ. ನಡುಹಗಲಲ್ಲಿ ಕತ್ತಲು ಕವಿದಾಗ ಜನ ರಾತ್ರಿಯಾಯಿತೆಂದು ದೀಪ ಹಿಡಿದು ಓಡಾಡಿ ಎಡವಿ ಬೀಳುತ್ತಾರೆ. ಸಮಾಧಿಯ ಬಾಗಿಲಿಗೆ ಏಳು ಮುದ್ರೆ ಒತ್ತುತ್ತಾರೆ, ಕಾವಲಿನವರು ಗುಡಾರ ಹಾಕಿ ಕೂರುತ್ತಾರೆ. ನಮ್ಮ ಕನ್ನಡ ಸತ್ಯವೇದದಲ್ಲಿರುವ ಮತ್ತಾಯ, ಮಾರ್ಕ, ಲೂಕ, ಯೋಹಾನ ಈ ನಾಲ್ವರಲ್ಲಿ ಒಬ್ಬರೂ ಯೇಸು ಸಮಾಧಿಯಿಂದ ಎದ್ದು ಬರುವ ಗಳಿಗೆಯನ್ನು ಬಣ್ಣಿಸುವುದಿಲ್ಲ. ಬರಿದಾದ ಸಮಾಧಿಯನ್ನು ತೋರಿಸುತ್ತಾರೆ, ಎದ್ದವನ ದರ್ಶನವನ್ನು ಹೇಳುತ್ತಾರೆ. ಈ ಪುಸ್ತಕ ಮಾತ್ರ ಆ ಗಳಿಗೆಯನ್ನೇ ಕಣ್ಣಿಗೆ ಕಟ್ಟುತ್ತದೆ. ಆಕಾಶ ತೆರೆದು ಇಬ್ಬರು ಇಳಿಯುತ್ತಾರೆ. ಕಲ್ಲು ತಾನಾಗಿ ಉರುಳುತ್ತದೆ. ಸಮಾಧಿಯಿಂದ ಮೂವರು ಹೊರಬರುತ್ತಾರೆ. ಇಬ್ಬರು ಒಬ್ಬನಿಗೆ ಆಸರೆ ಕೊಟ್ಟಿದ್ದಾರೆ. ಅವರಿಬ್ಬರ ತಲೆ ಆಕಾಶ ಮುಟ್ಟುತ್ತದೆ, ನಡುವಿನವನ ತಲೆ ಆಕಾಶವನ್ನೂ ಮೀರಿದೆ. ಹಿಂದೆ ಶಿಲುಬೆ ನಡೆದು ಬರುತ್ತದೆ. ಮಲಗಿದವರಿಗೆ, ಅಂದರೆ ಸತ್ತವರಿಗೆ, ಸಾರಿದೆಯಾ ಎಂದು ಮೇಲಿನಿಂದ ಧ್ವನಿ ಕೇಳಿದರೆ, ಹೌದು ಎಂದು ಶಿಲುಬೆ ಉತ್ತರಿಸುತ್ತದೆ. ಸಭೆಯಲ್ಲಿ ಕೂತು ಇದನ್ನು ಕೇಳಿದ ರೋಸ್ಸೊಸ್‌ನ ಜನ ಬಿಟ್ಟುಕೊಡಲು ಒಪ್ಪದಿದ್ದರೆ ಆಶ್ಚರ್ಯವಿಲ್ಲ.

ದೊಸೆತಿಗಳಿಗೆ ಅನುಕೂಲವಾದ ಸಾಲುಗಳೂ ಕಾಣುತ್ತವೆ. ಶಿಲುಬೆಯ ಮೇಲೆ ಕರ್ತ “ನೋವೇ ಇಲ್ಲದವನಂತೆ” ಸುಮ್ಮನಿದ್ದ ಎಂದಿದೆ. ಇದನ್ನು ಧೈರ್ಯ ಎಂದೂ ಓದಬಹುದು. 177ರಲ್ಲಿ ಲಿಯೋನಿನಲ್ಲಿ ಚಿತ್ರಹಿಂಸೆಗೆ ಒಳಗಾದ ಬ್ಲಾಂದೀನಾ ಎಂಬ ದಾಸಿಗೆ ಕೊನೆಗೆ ಏನಾಗುತ್ತಿದೆ ಎಂಬ ಅರಿವೇ ಇರಲಿಲ್ಲ ಎಂದು ಅಲ್ಲಿನ ಸಭೆ ಬರೆದಿದೆ. ಅವಳಿಗೆ ಮೈ ಇರಲಿಲ್ಲ ಎಂದು ಅದರರ್ಥವಲ್ಲ. ಆದರೆ ಮೈ ಬರೀ ತೋರಿಕೆ ಎಂದು ಬೋಧಿಸುವವರ ಕೈಯಲ್ಲಿ ಆ ಸಾಲು ಬೇರೆಯೇ ಕೆಲಸ ಮಾಡುತ್ತದೆ. “ನನ್ನ ಶಕ್ತಿಯೇ, ಶಕ್ತಿಯೇ, ನನ್ನನ್ನು ಬಿಟ್ಟೆ” ಎಂಬ ಕೊನೆಯ ಕೂಗಿನ ಕತೆಯೂ ಅಷ್ಟೇ. ಪುಸ್ತಕ ಹುಟ್ಟಿದ್ದು ಆ ಪಂಗಡದಲ್ಲೇ ಎಂದು ಈ ಸಾಲುಗಳಿಂದ ಸಿದ್ಧಮಾಡಲಾಗದು. ಯಾರು ಓದುತ್ತಿದ್ದರು, ಹೇಗೆ ಬಳಸುತ್ತಿದ್ದರು ಎಂಬುದೂ ಸೆರಾಪಿಯೋನನ ತೀರ್ಮಾನದೊಳಗೆ ಸೇರಿಕೊಂಡಿತ್ತು.

ಇನ್ನೊಂದು ವಿಷಯವನ್ನು ಸೆರಾಪಿಯೋನ್ ಎತ್ತಿದ್ದು ಕಾಣುವುದಿಲ್ಲ, ಆದರೂ ಹೇಳಲೇಬೇಕು. ಈ ಕಥನದಲ್ಲಿ ಮರಣದಂಡನೆಯ ಅಪ್ಪಣೆ ಕೊಡುವವನು ಯೆಹೂದಿಗಳ ಅರಸ ಹೆರೋದ. ರೋಮಿನ ಅಧಿಪತಿ ಪಿಲಾತ ಪಕ್ಕಕ್ಕೆ ಸರಿದಿದ್ದಾನೆ. ಹೊಣೆಯೆಲ್ಲ ಯೆಹೂದಿಗಳ ಮೇಲೆ ಬಿದ್ದಿದೆ. ಒಪ್ಪಿತವಾದ ಸುವಾರ್ತೆಗಳ ಸಾಲುಗಳೇ ಯೆಹೂದಿಗಳ ವಿರುದ್ಧ ಶತಮಾನಗಳ ಕಾಲ ಎಷ್ಟು ಕೆಟ್ಟದಾಗಿ ಬಳಕೆಯಾದವು ಎಂದು ಬಲ್ಲವರಿಗೆ, ಇದೂ ಭಾನುವಾರದ ಪಾಠವಾಗಿದ್ದರೆ ಏನಾಗುತ್ತಿತ್ತು ಎಂದು ಎದೆ ನಡುಗುತ್ತದೆ.

ಆಮೇಲೆ

ಸೆರಾಪಿಯೋನನ ಪತ್ರದಿಂದ ಪುಸ್ತಕ ಮಾಯವಾಗಲಿಲ್ಲ. ಈಜಿಪ್ಟಿನ ಒಕ್ಸಿರಿಂಕಸ್‌ನ ಕಸದ ರಾಶಿಯಲ್ಲಿ ಸಿಕ್ಕ ಪಪೈರಸ್ ಚೂರೊಂದು, ಬಹುಶಃ ಇದೇ ಸುವಾರ್ತೆಯದು, ಅವನ ಕಾಲಕ್ಕೇ ಹತ್ತಿರದ್ದು. ಮೂರನೇ ಶತಮಾನದಲ್ಲಿ ಕ್ರೈಸ್ತ ವಿದ್ವಾಂಸ ಒರಿಜೆನ್, ಯೇಸುವಿನ ಸಹೋದರರೆಂದರೆ ಯೋಸೇಫನ ಮೊದಲ ಹೆಂಡತಿಯ ಮಕ್ಕಳು ಎಂಬ ಅಭಿಪ್ರಾಯದ ಮೂಲವಾಗಿ ಇದನ್ನು ಹೆಸರಿಸುತ್ತಾನೆ, ಸಿಟ್ಟಿಲ್ಲದೆ. ನಾಲ್ಕನೇ ಶತಮಾನದ ಮೊದಲ ಭಾಗದಲ್ಲಿ ಯುಸೇಬಿಯಸ್ ಪುಸ್ತಕಗಳನ್ನು ವಿಂಗಡಿಸಿದ: ಎಲ್ಲರೂ ಒಪ್ಪಿದವು, ವಿವಾದದಲ್ಲಿರುವವು, ಕೃತಕವಾದವು. ಅವುಗಳಿಗೂ ಹೊರಗೆ, ಪಾಷಂಡಿಗಳು ಅಪೊಸ್ತಲರ ಹೆಸರಿನಲ್ಲಿ ಕಟ್ಟಿದವು ಎಂದು ಪೇತ್ರ, ತೋಮ, ಮತ್ತೀಯರ ಹೆಸರಿನ ಸುವಾರ್ತೆಗಳನ್ನು ಇಟ್ಟ. ಆ ಹೊತ್ತಿಗೆ ಬಾಗಿಲು ಮುಚ್ಚಿತ್ತು. 367ರಲ್ಲಿ ಅಲೆಕ್ಸಾಂದ್ರಿಯಾದ ಅಥನಾಸಿಯಸ್ ಈಸ್ಟರ್ ಪತ್ರದಲ್ಲಿ ಇಂದಿನ 27 ಹೆಸರುಗಳನ್ನೇ ಕೊಟ್ಟ. 397ರ ಕಾರ್ಥೇಜ್ ಸಭೆಯೂ ಅವನ್ನೇ ಒಪ್ಪಿತು.

ಆದರೆ ‘ದಾಟಿ ಬಂದದ್ದು’ ಎಂಬ ಅಳತೆ ಎಲ್ಲ ಪುಸ್ತಕಕ್ಕೂ ಒಂದೇ ಥರ ಬಿದ್ದಿತೆಂದು ಹೇಳುವಂತಿಲ್ಲ. ಪೇತ್ರನ ಹೆಸರಿನಲ್ಲೇ ಇದ್ದ ಪ್ರಕಟನೆಯ, ಅಂದರೆ ಪರಲೋಕದ ದರ್ಶನಗಳ, ಪುಸ್ತಕವೊಂದು ಪಟ್ಟಿಗೆ ಸೇರಲಿಲ್ಲ. ಆದರೂ ಪಾಲೆಸ್ತೀನದ ಕೆಲವು ಸಭೆಗಳಲ್ಲಿ ಅದನ್ನು ವರ್ಷಕ್ಕೊಮ್ಮೆ ಶುಭ ಶುಕ್ರವಾರ ಓದುತ್ತಿದ್ದರು ಎಂದು ಐದನೇ ಶತಮಾನದ ಇತಿಹಾಸಕಾರ ಸೊಜೊಮೆನ್ ಬರೆಯುತ್ತಾನೆ. ಪೇತ್ರನ ಎರಡನೆಯ ಪತ್ರದ ಬಗ್ಗೆ ಒರಿಜೆನ್‌ಗೂ ಸಂಶಯವಿತ್ತು, ಅದನ್ನು ಒಪ್ಪಿತ ಗ್ರಂಥವಾಗಿ ತಾವು ಪಡೆದಿಲ್ಲ ಎಂದು ಯುಸೇಬಿಯಸ್ ಸ್ಪಷ್ಟವಾಗಿ ಹೇಳಿದ್ದ. ಅಂದರೆ ಸೆರಾಪಿಯೋನ್ ಸುವಾರ್ತೆಗೆ ಹಾಕಿದ ಆಕ್ಷೇಪವೇ ಆ ಪತ್ರಕ್ಕೂ ಬಿದ್ದಿತ್ತು. ಓದಿದವರಿಗೆ ಉಪಯೋಗವಾಗಿದೆ ಎಂಬ ಬಲದ ಮೇಲೆ ಅದು ನಿಧಾನವಾಗಿ ಒಳಬಂತು. ಇಂದು ಕನ್ನಡ ಬೈಬಲ್ ಯಾವುದನ್ನು ತೆರೆದರೂ ಅದು ಇದೆ.

ಸೆರಾಪಿಯೋನನ ಸೀಮೆಯ ಆಚೆ, ಸಿರಿಯಾಕ್ ಭಾಷೆಯ ಸಭೆಗಳಲ್ಲಿ ಲೆಕ್ಕ ಬೇರೆಯೇ ಆಯಿತು. ಅಲ್ಲಿ ತಾಸಿಯನ್ ಹೆಣೆದ ಒಂದೇ ಸುವಾರ್ತೆ ಎಷ್ಟು ಬೇರೂರಿತ್ತೆಂದರೆ, ಐದನೇ ಶತಮಾನದಲ್ಲಿ ಸಿರ್ರುಸ್‌ನ ಬಿಷಪ್ ಥಿಯೊಡೊರೆಟ್ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತನ್ನ ಸಭೆಗಳಿಂದ ತೆಗೆಸಿ ಬದಲಿಗೆ ನಾಲ್ಕು ಸುವಾರ್ತೆಗಳನ್ನು ಕೊಡಿಸಬೇಕಾಯಿತು. ಅವರ ಪೆಶಿತ್ತಾ ಅನುವಾದದ ಹೊಸ ಒಡಂಬಡಿಕೆಯಲ್ಲಿದ್ದದ್ದು 22 ಪುಸ್ತಕ. ಪೇತ್ರನ ಎರಡನೆಯ ಪತ್ರ, ಯೋಹಾನನ ಎರಡನೆಯ ಮತ್ತು ಮೂರನೆಯ ಪತ್ರ, ಯೂದನ ಪತ್ರ, ಪ್ರಕಟನೆ ಅದರಲ್ಲಿ ಇಲ್ಲ. ಕೇರಳದ ತ್ರಿಶೂರಿನಲ್ಲೂ ಶಾಖೆಯಿರುವ ಪೂರ್ವ ಸಿರಿಯಾಕ್ ಸಭೆಯ ಆರಾಧನೆಯ ಪಾಠಗಳನ್ನು ಇವತ್ತಿಗೂ ಆ 22ರಿಂದಲೇ ಆರಿಸುತ್ತಾರೆ.